ಕಿಸೇದಾಗಿನ ತಾಳಿ

ನಾ ಓಡೂ ಮುಂದ ನನ್ನ ತಾಳಿ ನಮ್ಮನಿಯವರ ಅಂಗಿ ಕಿಸೇದಾಗ ಇರ್ತದ. ಇದನ್ನ ಹೇಳಾಕ ನನಗ ಇವತ್ತಿಗೂ ನಾಲಿಗಿ ತೊಡರ್ತದ. ಆದ್ರೂ ಹೇಳಿಬಿಡ್ತೀನಿ, ಯಾಕಂದ್ರ ಇದನ್ನ ಬಿಟ್ಟು ನನ್ನ ಓಟದ ಕಥಿ ಹೇಳಾಕ ಬರೂದ ಇಲ್ಲ.

ನಾವು ವಿಜಯಪುರದ ಕಡಿಯವರು. ಹೊಟ್ಟಿಪಾಡಿಗೆ ಪುಣೆಕ್ಕ ಬಂದು ಭೋಸರಿಯೊಳಗ ಬೇರು ಬಿಟ್ಟೀವಿ. ನಮ್ಮನಿಯವರು ಒಂದು ಕಾರ್ಖಾನ್ಯಾಗ ಲೇಥ್ ಮಷೀನ್ ಮ್ಯಾಲ ಕೆಲಸಾ ಮಾಡ್ತಾರ, ನಾ ಮನ್ಯಾಗ ಕುಂತು ಬ್ಲೌಸ್ ಹೊಲೀತೀನಿ. ಮಗಳು ಲಗ್ನಾಗಿ ಸೊಲ್ಲಾಪುರಕ್ಕ ಹೋದ ಮ್ಯಾಲ ಮನಿಯೊಳಗ ಉಳದವರು ನಾವಿಬ್ಬರು, ಮತ್ತ ನಮ್ಮ ಅತ್ತಿ. ಅತ್ತಿಗೆ ಕಣ್ಣು ಮಂಜಾಗ್ಯಾವ, ಬಾಯಿ ಮಾತ್ರ ಇನ್ನೂ ಚೂರಿ ಅದ.

ನಮ್ಮನಿಯವರಿಗೆ ಎದಿನೋವು ಬಂದು, ಡಾಕ್ಟರು ಒಳಗೊಂದು ಸ್ಟೆಂಟ್ ಹಾಕಿದ್ರು. "ದಿನಾ ಮುಂಜಾನೆ ನಡೀಲೇಬೇಕು" ಅಂತ ತಾಕೀತು ಮಾಡಿ ಕಳಿಸಿದ್ರು. ಇವರೋ, ಒಬ್ಬರ ಹೋಗೂ ಜಾತಿ ಅಲ್ಲ. "ನೀ ಬಂದ್ರ ಬರ್ತೀನಿ" ಅಂದ್ರು. ಆತು ಅಂತ ನಾನೂ ಚಪ್ಪಲ್ ಮೆಟಗೊಂಡು ಮೈದಾನಕ್ಕ ಹೊಂಟೆ. ಇವರು ಒಂದ ಸುತ್ತು ಹಾಕಿದವರ ಕಲ್ಲಿನ ಬೆಂಚಿನ ಮ್ಯಾಲ ಕುಂತು ಮಂದಿ ಕೂಡ ರಾಜಕಾರಣ ಮಾತಾಡಾಕ ಸುರು ಮಾಡ್ತಿದ್ರು. ಸ್ಟೆಂಟ್ ಇರೂದು ಇವರಿಗೆ, ಸುತ್ತು ಹಾಕೂದು ನಾನು! ಒಂದಿನ ಆ ಸಿಟ್ಟಿಗೆ ಕಾಲು ಬೀಸಾಗಿ ಹಾಕಾಕತ್ತಿದೆ. ಸಿಟ್ಟು ಹೆಚ್ಚಾದಂಗ ಹೆಜ್ಜಿ ಹೆಚ್ಚಾತು, ಹೆಜ್ಜಿ ಹೆಚ್ಚಾಗಿ ಓಟ ಆತು. ಬೆಂಚಿನ ಮ್ಯಾಲಿನ ಮಂದಿ ಎಲ್ಲಾ ನನ್ನ ಕಡೆ ನೋಡಾಕತ್ತರಂತ ಇವರು ನಾಚಿಕಿ ಬಿದ್ದು ಎದ್ದು ನನ್ನ ಹಿಂದ ನಡೀಲಿಕ್ಕೇ ಬೇಕಾತು. ಹಂಗ ನೋಡಿದ್ರ ನನ್ನ ಓಟ ಹುಟ್ಟಿದ್ದ ಗಂಡನ್ನ ಬೆಂಚ್ ಬಿಟ್ಟು ಎಬ್ಬಸಾಕ.

ಬಾಜೂ ಬಿಲ್ಡಿಂಗಿನ್ಯಾಗ ಬೆಂಗಳೂರು ಕಡಿ ಹುಡಿಗಿ ಒಬ್ಬಾಕಿ ಇದ್ಲು, ಕಂಪ್ಯೂಟರ್ ಕಂಪನಿಯಾಕಿ. ಅಕಿ ನನ್ನ ನೋಡಿ, "ಆಂಟಿ, ಸೂಪರ್ ಆಗಿ ಓಡ್ತೀರಾ! ಹಾಫ್ ಮ್ಯಾರಥಾನ್ ಟ್ರೈ ಮಾಡಿ. ಜಸ್ಟ್ ಇಪ್ಪತ್ತೊಂದು ಕಿಲೋಮೀಟರ್ ಅಷ್ಟೇ" ಅಂದ್ಲು. ಜಸ್ಟ್ ಅಂತ! ನಮ್ಮೂರಿಂದ ಸಂತಿಗೆ ಅಷ್ಟು ದೂರ ಇರಲಿಲ್ಲ. ಆದ್ರ ಅಕಿ ಹೊಗಳಿದ್ದಕ್ಕ ನಾ ಉಬ್ಬಿಬಿಟ್ಟೆ. ನಲವತ್ತು ದಾಟಿದ ಮ್ಯಾಲ ಹೆಣಮಕ್ಕಳನ್ನ ಹೊಗಳವರು ಎಷ್ಟ ಮಂದಿ ಇರ್ತಾರ, ನೀವ ಹೇಳ್ರಿ.

ಮೊದಲನೇ ಓಟ ಪುಣೆ ಊರೊಳಗ ಇತ್ತು. ಅಲ್ಲಿ ಹೋಗಿ ನೋಡ್ತೀನಿ, ಎಲ್ಲಾರೂ ಬಿಗಿ ಪ್ಯಾಂಟು, ಟೊಪಗಿ, ಕರಿ ಚಸ್ಮಾ. ನಾ ಸಡಿಲ ಚೂಡಿದಾರ ಹಾಕ್ಕೊಂಡು, ಓಡನಿ ಎದಿ ಮ್ಯಾಲ ಅಡ್ಡ ತಂದು ನಡಕ್ಕ ಗಂಟು ಹಾಕಿದ್ದೆ. ಎದಿಗೆ ಚುಚ್ಚಗೋರಿ ಅಂತ ಕೊಟ್ಟ ನಂಬರ್ ಚೀಟಿ ಆ ಓಡನಿ ಒಳಗ ಮುಚ್ಚಿಹೋಗಿತ್ತು. ಮುಚ್ಚಿದ್ದ ಚಲೋ ಆತು ಅನ್ಕೊಂಡೆ, ಎದಿ ಮ್ಯಾಲ ನಂಬರ್ ಅಂಟಿಸಿಕೊಂಡು ಓಡಾಡೂದಂದ್ರ ನನಗ ಮೈ ಮ್ಯಾಲ ಹುಳ ಹರದಂಗ ಆಗ್ತಿತ್ತು. ಓಟ ಸುರುವಾಗಿ ನಾಲ್ಕು ಹೆಜ್ಜಿ ಹಾಕಿದ್ದ ತಡ, ಎರಡೂ ಕೈಯಾಗಿನ ಹಸರ ಬಳಿ ಝಣ ಝಣ, ಝಣ ಝಣ! ಮುಂದಿನವರು ತಿರುಗಿ ನೋಡಾಕತ್ತಿದ್ರು. ಒಬ್ಬಾಂವ ಅಂತೂ ಕಿವ್ಯಾಗಿನ ಹಾಡಿನ ಬುಗುಡಿ ತಗದು ಎಲ್ಲಿಂದ ಸಪ್ಪಳಾ ಬರಾಕತ್ತೇದ ಅಂತ ಹುಡುಕಿದ. ಕೊಳ್ಳಗಂಟಿ ಕಟಗೊಂಡ ಎತ್ತು ನಾನ ಆಗಿದ್ದೆ. ಒಂದು ಕೈಲೆ ಬಳಿ ಹಿಡಕೊಂಡೆ, ಇನ್ನೊಂದು ಕೈಲೆ ಎದಿ ಮ್ಯಾಲ ಬಡಿಯೂ ತಾಳಿ ಹಿಡಕೊಂಡೆ. ಹಂಗ ಹಿಡಕೊಂಡು ಯಾರಿಗೆ ಓಡಾಕ ಬರ್ತದ? ಅರ್ಧ ದಾರಿ ಆಗಿತ್ತೋ ಇಲ್ಲೋ, ಹಿಂದುಳದವರನ್ನ ಹತ್ತಿಸಿಕೊಳ್ಳೂ ಬಸ್ ಬಂತು. "ಯಾ ಮಾವಶಿ, ಬಸಾ", ಬಾ ಕುಂಡ್ರು ಅಂತ ಮರಾಠ್ಯಾಗ ಕರದ ಒಳಗಿನಾಂವ. ಹತ್ತಿದೆ. ಒಳಗ ಕುಂತವರು ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಮನಿಗೆ ಬಂದಾಗ ಅತ್ತಿ ಬಾಯಿ ತುಂಬ ರೊಟ್ಟಿ ತಿನ್ನಾಕತ್ತಿದ್ರು. ಕಥಿ ಕೇಳಿ ನಕ್ಕರು ನೋಡ್ರಿ, ಠಸಕಿ ಹತ್ತಿ ನೀರು ಕುಡಿಬೇಕಾತು. "ಬಸ್ಸಿನ್ಯಾಗ ಬರೂದಿತ್ತಂದ್ರ ಭೋಸರಿ ಸ್ಟಾಪಿನ್ಯಾಗ ಹತ್ತಬೇಕಿತ್ತಲ್ಲ, ಅಷ್ಟು ದೂರ ಯಾಕ ಹೋಗಿದ್ದಿ?" ಅಂದ್ರು. ನಾ ಉರದು, ಕೊಳ್ಳಿನ ಮ್ಯಾಲ ತಾಳಿ ತಿಕ್ಕಿ ಕೆಂಪಾದ ಬರಿ ತೋರಿಸಿ, "ಇದನ್ನ ತಗದಿಟ್ಟು ಓಡಿದ್ರ ಮುಗಸ್ತಿದ್ದೆ" ಅಂದೆ.

ಅತ್ತಿ ಕೈಯಾಗಿನ ತುತ್ತು ತಾಟಿನ್ಯಾಗ ಇಟ್ಟರು. ನಗಿ ಎಲ್ಲಿ ಹೋತೋ.

"ನೀ ಓಡು, ಹಾರು, ಕುಣಿ, ನಾ ಬ್ಯಾಡ ಅನ್ನೂದಿಲ್ಲ. ಕೊಳ್ಳಾಗಿಂದು, ಕೈಯಾಗಿಂದು ಮಾತ್ರ ತಗೀಬ್ಯಾಡ. ನನ್ನ ಮಗನ ಎದಿ ಮೊದಲ ಹಂಗದ" ಅಂದ್ರು.

"ಇಲ್ಲ ತಗೋರಿ ಅತ್ತಿ" ಅಂದೆ. ಅಷ್ಟ ಅಂದೆ.

ಎರಡನೇ ಓಟ ಹಡಪಸರದಾಗ. ಇನ್ನೂ ನಸುಕಿತ್ತು. ಒಂದು ನಿಂತ ಟೆಂಪೋದ ಮರಿಗೆ ಹೋಗಿ ನಾನೂ ನಮ್ಮನಿಯವರೂ ಕಳ್ಳರಂಗ ನಿಂತ್ವಿ. "ಅವ್ವಗ ಗೊತ್ತಾದ್ರ?" ಅಂದ್ರು ಇವರು. "ಮನಿ ಮುಟ್ಟೂದ್ರಾಗ ಮತ್ತ ಹಾಕ್ಕೋತೀನಿ, ನೀವು ಬಾಯಿ ಬಿಡಬ್ಯಾಡ್ರಿ" ಅಂದೆ. ಸಾಬಾನಿನ ನೊರಿ ಹಚ್ಚಿ ಬಳಿ ಒಂದೊಂದ ಜಗ್ಗಿ ತಗದೆ. ಕಡೀ ಬಳಿ ಚಟಕ್ಕಂತು. ಬಳಿ ಒಡೀತು ಅಂತ ನಮ್ಮಲ್ಲಿ ಅನ್ನಬಾರದು, ಬಳಿ ಹೆಚ್ಚಿತು ಅನ್ನಬೇಕು. ಇವರ ಮುಖ ಸಣ್ಣಾತು. ಬರಿಗಾಲಿನವರಿಗೆ ಚುಚ್ಚೀತಂತ ಚೂರುಗಳನ್ನ ಆರಿಸಿ ಕಿಸೇದಾಗ ಹಾಕ್ಕೊಂಡ್ರು. ತಾಳಿ ಕರವಸ್ತ್ರದಾಗ ಸುತ್ತಿ ಅದನ್ನೂ ಅದ ಕಿಸೇದಾಗ ಇಟಗೊಂಡು ಮ್ಯಾಲ ಕೈ ಒತ್ತಿ ಹಿಡದ್ರು. ಆ ಕೈ ಹಂಗ ಎದಿ ಮ್ಯಾಲ ಇದ್ದದ್ದನ್ನ ನೋಡಿ ನನಗ ಒಂದು ನಮೂನಿ ಆತು, ಆದ್ರ ಅಷ್ಟೊತ್ತಿಗೆ ಓಟ ಸುರುವಾಗಿತ್ತು.

ಕೈ ಹಗುರ, ಕೊಳ್ಳು ಹಗುರ, ಏನ್ ಓಡಿದೆ ಅಂತೀರಿ ಮೊದಲ! ಹಗುರ ಆಗೂದು ಅಂದ್ರ ಇಷ್ಟು ಹಿತ ಇರ್ತದ ಅಂತ ಗೊತ್ತ ಇರಲಿಲ್ಲ. ಹಂಗ ಹಿತ ಅನಿಸಿದ್ದಕ್ಕ ಮತ್ತ ನಾಚಿಕಿ. ಮುಂದ ಮೀನಖಂಡ ಹಿಡದು ಕಲ್ಲಾತು. ಕುಂಟಕೋತ ನಡದೆ. ಎಲ್ಲಾರೂ ಮುಂದ ಹೋಗಿಬಿಟ್ಟರು, ನನ್ನ ಹಿಂದ ಉಳದದ್ದು ಅಂಬ್ಯುಲನ್ಸ್ ಒಂದ. ಕಡೀ ಮನಷ್ಯಾನ ಹಿಂದ ಅದು ಬರ್ಲೇಬೇಕಂತ. ಡ್ರೈವರ್ ಹಳೇ ಹಿಂದಿ ಹಾಡು ಹಚ್ಚಿಕೊಂಡು, ನಾ ನಿಂತ್ರ ತಾನೂ ನಿಂತು, ನಡದ್ರ ತಾನೂ ಉರುಳಿ, ಹಂಗ ಬೆನ್ನು ಬಿದ್ದ. ರಸ್ತಾ ತಗದು ಗಾಡಿಗಳನ್ನೂ ಬಿಟ್ಟರು. ಆಫೀಸಿಗೆ ಹೋಗೂ ಮಂದಿ ತುಂಬಿದ ಬಸ್ ನನ್ನ ಬಾಜೂಕ ಬಂದು ನಿಂತಿತು. ಕಿಟಕ್ಯಾಗಿಂದ ಒಬ್ಬ ಮುದುಕಿ ಅಂಬ್ಯುಲನ್ಸ್ ನೋಡಿ, ನನ್ನ ನೋಡಿ, ಕೈ ಮುಗದ್ಲು. ಭೂಮಿ ಬಾಯಿ ಬಿಟ್ಟು ನನ್ನ ನುಂಗಬಾರದೇನು ಅನಿಸ್ತು. ಕಡೀಗೆ ಮುಟ್ಟಿದಾಗ ಕಮಾನು ಇಳಿಸಿ, ಮೆಡಲ್ ಡಬ್ಬಿಗೆ ಹಾಕಿ ಹೊಂಟಿದ್ರು. ಹೊತ್ತು ಮೀರಿದವರದು ಓಟದ ಲೆಕ್ಕಕ್ಕ ಬರೂದಿಲ್ಲ.

ದಾರ್ಯಾಗ ತಾಳಿ ಹಾಕ್ಕೊಂಡು, ಬಳಿ ಏರಿಸಿಕೊಂಡು ಮನಿಗೆ ಬಂದೆ. ಅತ್ತಿ ಹೊಸ್ತಿಲದಾಗ ಕುಂತಿದ್ರು. ಮಾಡಿಟ್ಟು ಹೋದ ರೊಟ್ಟಿ ಹಂಗ ಇದ್ವು.

"ಯಾಕ್ರಿ ಅತ್ತಿ, ಉಂಡಿಲ್ಲ?"

"ಹಸಿವಿಲ್ಲ" ಅಂದ್ರು. ನಾ ಕೈಕಾಲು ತೊಳಕೊಂಡು ಬಂದ ಮ್ಯಾಲ, "ಈಗ ಸ್ವಲ್ಪ ಹಾಕು" ಅಂದ್ರು.

ನಾ ಓಡಾಕ ಹೋದದ್ದಕ್ಕ ಸಿಟ್ಟು ತೋರಸಾಕತ್ತಾರ ಅಂತ ತಿಳಕೊಂಡೆ. ಒಳಗೊಳಗ ಕುದ್ದೆ. ನನಗ ಸೋತ ನಾಚಿಕಿ ಸಾಲದು ಅಂತ ಅತ್ತಿದೊಂದು ಉಪಾಸದ ನಾಟಕ ಬ್ಯಾರೆ! ತಾಟು ಸ್ವಲ್ಪ ಕುಕ್ಕೇ ಇಟ್ಟೆ.

ಅದಾದ ಮ್ಯಾಲ ಭಾಳ ದಿನ ನಾ ಓಟದ ಮಾತ ಎತ್ತಲಿಲ್ಲ. ಆದ್ರ ಮುಂಜಾನೆ ಮೈದಾನ ಬಿಡಲಿಲ್ಲ. ನಾ ಎದ್ರ ಇವರು ಏಳ್ತಿದ್ರು, ನಾ ಓಡಿದ್ರ ಇವರು ನಡೀತಿದ್ರು. ಬೆಂಚಿನ ಮಂದಿಗೆ ಇವರ ಸುದ್ದಿನ ಇಲ್ಲದಂಗ ಆತು. ಕಡೀಗೆ ಆ ಬೆಂಗಳೂರು ಹುಡಿಗಿನ ಬಂದು, ಇಂದಾಪುರದ ಕಡೆ ಕಬ್ಬಿನ ಹೊಲದ ನಡುವ ಒಂದು ಓಟ ಅದ, ಮಂದಿ ಕಡಿಮಿ, ಹೊತ್ತೂ ಹೆಚ್ಚ ಕೊಡ್ತಾರ ಅಂದ್ಲು. ಒಮ್ಮೆನರೆ ಮುಗಿಸಿ ತೋರಿಸಬೇಕು ಅನ್ನೂ ಛಲ ಹೊಟ್ಟ್ಯಾಗ ಇದ್ದ ಇತ್ತು. ಹಿಂದಿನ ದಿನ ಎಸ್‌ಟಿ ಬಸ್ ಹತ್ತಿ ಹೋಗಿ, ನಮ್ಮನಿಯವರ ದೋಸ್ತರ ಮನ್ಯಾಗ ಉಳಕೊಂಡ್ವಿ.

ಮುಂಜಾನೆ ಒಂದು ಬೇವಿನ ಗಿಡದ ಹಿಂದ ಮತ್ತ ಅದ ಕಳ್ಳತನ. ಬಳಿ ತಗದೆ, ತಾಳಿ ತಗದು ಇವರ ಕಿಸೇದಾಗ ಹಾಕೂ ಮುಂದ ನೋಡ್ತೀನಿ, ಕಿಸೇದ ತಳಕ್ಕ ಕರಿ ದಾರದ ಹೊಲಿಗಿ ಬಿದ್ದೇದ. ಸೊಟ್ಟ ಪಟ್ಟ, ಒತ್ತೊತ್ತಾಗಿ. ಹೊಲಿಗಿ ಮಾಡಾಕಿ ಕಣ್ಣು, ಬಿಡ್ತದೇನು? "ಮನ್ಯಾಗ ಹೆಂಡತಿ ಮಷೀನ್ ಇಟಗೊಂಡು ಕುಂತಿರೂ ಮುಂದ ಹೊರಗ ಯಾರ ಕಡೆ ಹೊಲಿಸಿದ್ರಿ? ಎಂಥಾ ಹಲ್ಕಾ ಹೊಲಿಗಿ!" ಅಂದೆ. "ಏ, ನೀನ ಹೊಲದಿ ಅನ್ಕೊಂಡಿದ್ದೆ ನಾ" ಅಂದ್ರು. ಅಷ್ಟರಾಗ ಮೈಕಿನ್ಯಾಗ ಕರದ್ರು, ನಾ ಓಡಿದೆ.

ಚಲೋನ ಓಡಿದೆ. ಎರಡೂ ಕಡೆ ಕಬ್ಬು ಆಳೆತ್ತರ ನಿಂತಿತ್ತು, ತಂಪು ಗಾಳಿ. ಮುಂದಿನವರ ಬೆನ್ನು ಕಾಣೂತನಕ ಎಲ್ಲಾ ಚಂದಿತ್ತು. ಒಂದು ಕಡೆ ಬೂಟಿನ ದಾರ ಕಟ್ಟಾಕ ಕುಂತೆ, ಎದ್ದು ನೋಡಿದ್ರ ಯಾರೂ ಇಲ್ಲ. ಹೊರಳೂ ಕಡೆ ದಾರಿ ತೋರಸಾಕ ನಿಂದರಬೇಕಾದಾಂವ ಚಹಾಕ್ಕ ಹೋಗಿದ್ದನೋ ಏನೋ, ನಾ ನೆಟ್ಟಗ ಹೋದೆ. ಡಾಂಬರು ಮುಗದು ಮಣ್ಣಿನ ದಾರಿ ಬಂತು, ಕಾಲುವಿ ದಂಡಿ ಬಂತು. ಬಿಸಲು ಏರಿತ್ತು. ಬೆವರು ಕಣ್ಣಾಗ ಇಳದು ಉರೀತಿತ್ತು, ಓಡನಿ ಚುಂಗಿಲೆ ಹಣಿ ಒರಸಿಕೊಂಡೆ, ಕುಂಕುಮ ಪೂರಾ ಹೋತು. ಫೋನೂ ಇವರ ಕಡೆನ ಕೊಟ್ಟಿದ್ದೆ. ಈ ಸಲನೂ ಆಗಲಿಲ್ಲ ಅಂತ ಖಾತ್ರಿ ಆದ ಮ್ಯಾಲ ತಡಕೊಳ್ಳಾಕ ಆಗಲಿಲ್ಲ. "ಯವ್ವಾ, ಹಾಳಾಗಿ ಹೋದ್ನೆಲ್ಲವ್ವಾ" ಅಂತ ದನಿ ತಗದು ಅಳಕೋತ ಓಡಿದೆ. ಯಾರದಾರ ಕೇಳವರು ಅನ್ಕೊಂಡಿದ್ದೆ.

ಕೇಳವರು ಇದ್ರು. ಕಾಲುವಿ ದುರಸ್ತಿಗೆ ಬಂದ ಕಲಬುರ್ಗಿ ಕಡಿ ಮಂದಿ, ದಂಡಿ ಮ್ಯಾಲ ಜೋಪಡಿ ಹಾಕ್ಕೊಂಡಿದ್ರು. ಮೂರ್ನಾಕು ಹೆಣಮಕ್ಕಳು ಒಲಿ ಮುಂದ ರೊಟ್ಟಿ ಬಡಿಯಾಕತ್ತಿದ್ರು. ಕನ್ನಡದಾಗ ಅಳೂ ದನಿ ಕೇಳಿ ಧಡಕ್ಕನ ಎದ್ದು ನಿಂತ್ರು. ನನ್ನ ಕೈ ನೋಡಿದ್ರು, ಕೊಳ್ಳು ನೋಡಿದ್ರು, ಹಣಿ ನೋಡಿದ್ರು. ಅವರಾಗ ಹಿರಿಯಾಕಿ ಓಡಿ ಬಂದು ನನ್ನ ತೆಕ್ಕಿಬಡದು, "ಅಯ್ಯ ನಮ್ಮವ್ವಾ! ಯಾವಾಗ ಹ್ವಾದನವ್ವಾ? ಎಂಥಾ ವ್ಯಾಳ್ಯಾ ಬಂತವ್ವಾ ನಿನಗ" ಅಂತ ಅಳಾಕ ಸುರು ಮಾಡಿದ್ಲು. ಉಳದವರೂ ಸೆರಗು ಬಾಯಿಗೆ ಹಿಡದು ದನಿಗೂಡಿಸಿದ್ರು.

ಅವರ ತಪ್ಪು ನನಗ ಹೊಳೀಲೇ ಇಲ್ಲ. ಈ ಹೆಣಮಕ್ಕಳಿಗೆ ಹೆಂಗ ಗೊತ್ತಾತು, ಯಾರ ಫೋನ್ ಬಂತು ಅಂದೆ ಮನಸಿನ್ಯಾಗ. ಕಿಸೇದ ಮ್ಯಾಲ ಕೈ ಒತ್ತಿ ನಿಂತ ನಮ್ಮನಿಯವರು ಕಣ್ಣ ಮುಂದ ಬಂದ್ರು. ಹೋದ್ರು, ನಾ ತಾಳಿ ತಗದದ್ದಕ್ಕ ಹೋದ್ರು, ಅತ್ತಿ ಹೇಳಿದ್ರು ನಾ ಕೇಳಲಿಲ್ಲ ಅಂತ ಅಲ್ಲೇ ಕುಸದು ಕುಂತೆ. ಅವರು ಮುಖಕ್ಕ ನೀರು ಗೊಜ್ಜಿದ್ರು.

"ಯಾವ ಊರವ್ವಾ? ಮಣ್ಣು ಮಾಡೂದು ಎಲ್ಲಿ?" ಅಂದ್ಲು ಹಿರಿಯಾಕಿ.

"ನನಗೇನು ಗೊತ್ತು? ನೀವ ಹೇಳ್ರಿ, ಏನಾಗೇದ ಅವರಿಗೆ?"

"ನಾವೇನ್ ಹೇಳೂನು? ಬರಿಗೈಲೆ ಬರಿಗೊಳ್ಳಲೆ ಅಳಕೋತ ಓಡ್ಲಾಕತ್ತಿದಾಕಿ ನೀ."

ಆಗ ತಲಿಗೆ ಹೊಳೀತು. "ಅಯ್ಯ, ಅದಾರ! ನಮ್ಮನಿಯವರು ಅದಾರ! ಗಟ್ಟಿ ಅದಾರ!" ಅಂತ ಚೀರಿದೆ.

ಅವರ ಅಳು ಗಕ್ಕನ ನಿಂತಿತು. "ಮತ್ತ ತಾಳಿ?"

"ಅವರ ಕಿಸೇದಾಗ ಅದ. ಓಡಾಕ ತಗದೀನಿ."

"ಯಾಕ ಓಡ್ತಿ? ಯಾರ ಬೆನ್ನ ಹತ್ಯಾರ?"

"ಯಾರೂ ಹತ್ತಿಲ್ಲ."

"ಮತ್ತ?"

ನಾ ಏನ್ ಹೇಳ್ಲಿ? ಇಡೀ ದಿನ ಬಿಸಲಾಗ ಕಲ್ಲು ಹೊರೂ ಹೆಣಮಕ್ಕಳು ಅವರು. ಅವರ ಮುಂದ, ಸುಮ್ಮನ ಓಡ್ತೀನ್ರಿ, ಖುಷಿಗೆ, ಅಂತ ಹೇಳಾಕ ನಾಲಿಗಿ ಹೊರಳಲಿಲ್ಲ. ಅದಕ್ಕಿಂತ, ಬದುಕಿರೂ ಗಂಡನ ಸಲುವಾಗಿ ಮಂದಿ ಕೈಲೆ ಅಳಿಸಿದ್ನೆಲ್ಲ, ಅದರ ನಾಚಿಕಿ ದೊಡ್ಡದಿತ್ತು. ತಲಿ ತಗ್ಗಿಸಿ ಕುಂತೆ. ಒಬ್ಬಾಕಿ ಕಿಸಕ್ಕನ ನಕ್ಕಳು. ಹಿರಿಯಾಕಿ ಅಕಿಗೆ ಗದರಿಸಿ, ತನ್ನ ಕೈಯಾಗಿನ ಎರಡು ಕೆಂಪು ಬಳಿ ಜಗ್ಗಿ ತಗದು, ನನ್ನ ಕೈಗೊಂದು ಕೈಗೊಂದು ಏರಿಸಿದ್ಲು. ತನ್ನ ಹಣಿ ಮ್ಯಾಲಿನ ಕುಂಕುಮಕ್ಕ ಬಟ್ಟು ಒತ್ತಿ ನನ್ನ ಹಣಿಗೆ ಹಚ್ಚಿದ್ಲು. "ಹಿಂಗ ಹೋಗಬ್ಯಾಡ ತಂಗಿ, ನೋಡವರ ಎದಿ ಒಡೀತದ" ಅಂದ್ಲು. ಆಮ್ಯಾಲ ಡಾಂಬರು ರಸ್ತಾಕ್ಕ ಹೊಂದೂ ದಾರಿ ತೋರಿಸಿದ್ಲು.

ಅಕಿ ತೋರಿಸಿದ ದಾರಿಲೆ ಹೊರಳಿ ಓಡಿದೆ. ಎರಡ ಬಳಿ, ಆದ್ರೂ ಸಪ್ಪಳಾ ಕೇಳಿಸ್ತಿತ್ತು. ಮೆಡಲ್ ನೆನಪಾಗಲಿಲ್ಲ, ಹೊತ್ತು ನೆನಪಾಗಲಿಲ್ಲ. ಒಮ್ಮೆ ಇವರ ಮಾರಿ ನೋಡಿದ್ರ ಸಾಕಾಗಿತ್ತು. ಆವತ್ತು ಓಡಿದ್ದ ಖರೇ ಓಟ ಅದ ಒಂದ.

ಸುರುವಾದ ಜಾಗಾಕ್ಕ ಬಂದ್ರ ಪೆಂಡಾಲು ಬಿಚ್ಚಾಕತ್ತಿದ್ರು. ಒಂದು ಪ್ಲಾಸ್ಟಿಕ್ ಕುರ್ಚಿ ಮ್ಯಾಲ ಇವರು ಕುಂತಿದ್ರು. ಕೊಳ್ಳು ಒಂದು ಕಡೆ ವಾಲಿತ್ತು, ಬಾಯಿ ತೆರದಿತ್ತು, ಕೈ ಕಿಸೇದ ಮ್ಯಾಲ. ಹೋಗಿ ಎರಡೂ ಕೈಲೆ ಎದಿ ಮ್ಯಾಲ ಗುದ್ದಿದೆ.

"ಏ ಏ ಏ! ಸ್ಟೆಂಟ್ ಅದಲೇ ಅಲ್ಲಿ!" ಅಂತ ಎದ್ದು ನಿಂತ್ರು. ನಿದ್ದಿ ಹತ್ತಿತ್ತಂತ! ನಾ ಕಾಣವಲ್ಲೆ ಅಂತ ಎಲ್ಲಾರಿಗೂ ಹೇಳಿ, ಮೈಕಿನ್ಯಾಗ ಕರಿಸಿ, ಹುಡುಕಾಕ ಗಾಡಿ ಕಳಿಸಿ, ದಣದು ಕುಂತವರು ಅಲ್ಲೇ ತೂಕಡಿಸಿದ್ರಂತ. ಪೆಂಡಾಲಿನ ಮಂದಿ ಎಲ್ಲಾ ನೋಡಾಕತ್ತಿದ್ರು. "ಮೊದಲ ನನ್ನ ತಾಳಿ ಹಾಕ್ರಿ" ಅಂದೆ. ಅಷ್ಟ ಮಂದಿ ಮುಂದ ಕರವಸ್ತ್ರ ಬಿಚ್ಚಿ ಕೊಳ್ಳಿಗೆ ಹಾಕಿದ್ರು. ಒಬ್ಬಾಂವ ಚಪ್ಪಾಳಿ ಬ್ಯಾರೆ ತಟ್ಟಿದ. ದಾರಿ ತಪ್ಪಿದವರದೂ ಲೆಕ್ಕಕ್ಕ ಬರೂದಿಲ್ಲಂತ, ಮೆಡಲ್ ಸಿಗಲಿಲ್ಲ.

ಮನಿ ಮುಟ್ಟಿದಾಗ ಸಂಜಿ ಆಗಿತ್ತು. ಅತ್ತಿ ಹೊಸ್ತಿಲದಾಗ ಕುಂತಿದ್ರು. ನನ್ನ ಹಸರ ಬಳಿ ತಿರುಗಿ ಏರಿಸಿದ್ದೆ, ಆ ಎರಡು ಕೆಂಪು ಬಳಿ ಮಾತ್ರ ತಗಿಯಾಕ ಮನಸಾಗಿರಲಿಲ್ಲ. ಅತ್ತಿ ನನ್ನ ಕೈ ಹಿಡದು ಎಳಕೊಂಡು, ಬೆರಳಿಲೆ ಸವರಿ ನೋಡಿದ್ರು. ಬಳಿಗೆ ಸಿಮೆಂಟ್ ಮೆತ್ತಿತ್ತು.

"ಇವು ಯಾರವು?"

ಸುಳ್ಳು ಹೇಳಾಕ ಬಾಯಿ ತೆರದೆ, ಬರಲಿಲ್ಲ. ಎಲ್ಲಾ ಹೇಳಿದೆ. ಟೆಂಪೋದ ಮರಿ, ಬೇವಿನ ಗಿಡ, ಕಾಲುವಿ ದಂಡಿ, ಆ ಹೆಣಮಕ್ಕಳ ಅಳು. ಬೈಗುಳಕ್ಕ ಕಾದು ನಿಂತೆ.

"ಹಡಪಸರಕ್ಕ ಹೊಂಟಾಗನ ನೀ ತಗೀತಿ ಅಂತ ಸಂಶೆ ಇತ್ತು, ಬಂದ ಮ್ಯಾಲ ಖಾತ್ರಿ ಆತು" ಅಂದ್ರು ಅತ್ತಿ. "ಅಂವನ ಅಂಗಿ ಒಗಿಯೂ ಮುಂದ ಕಿಸೇದಾಗಿನ ಬಳಿಚೂರು ಬೆರಳಿಗೆ ಚುಚ್ಚಿದ್ವು. ಕಿಸೆನೂ ತೂತು ಹಾಕಿದ್ವು. ಮುಂದಿನ ಸಲ ತಾಳಿ ಅದರಾಗಿಂದ ಜಾರಿ ಬಿದ್ದೀತಂತ ಹೊಲದೆ. ಸೂಜ್ಯಾಗ ದಾರ ಪೋಣಸಾಕ ನನಗ ಅರ್ಧ ದಿನ ಹಿಡೀತು."

ಎಂಥಾ ಹಲ್ಕಾ ಹೊಲಿಗಿ ಅಂದಿದ್ದೆ ನಾ.

"ಮತ್ತ ನನಗ ಯಾಕ ಬೈಲಿಲ್ರಿ ಅತ್ತಿ?"

"ಬೈದ್ರ ಓಡೂದು ಬಿಡ್ತಿದ್ದಿ. ನೀ ಓಡಾಕ ಏಳಲಿಲ್ಲಂದ್ರ ಅಂವ ಹಾಸಿಗಿ ಬಿಟ್ಟು ಏಳ್ತಾನೇನು?"

ಉಪಾಸದ ಮಾತು ನಾ ಕೇಳಲಿಲ್ಲ, ಕೇಳೂ ಮುಖ ನನಗಿರಲಿಲ್ಲ. ಅವರ ಹೇಳಿದ್ರು. "ನಿನ್ನ ಕೊಳ್ಳು ಬರಿದಿರೂ ಮುಂದ ನನಗ ತುತ್ತು ಹೆಂಗ ಇಳೀತದವ್ವಾ? ಈಗ ಹಾಕು, ಮುಂಜಾನಿಂದ ಹಸದೀನಿ."

ಬಿಸಿ ರೊಟ್ಟಿ ಬಡದೆ. ಪ್ರತಿ ಬಡತಕ್ಕೂ ಬಳಿ ಸಪ್ಪಳಾ ಆಗ್ತಿತ್ತು, ಕಣ್ಣೀರು ಹಿಟ್ಟಿನ್ಯಾಗ ಬೀಳಬಾರದಂತ ಮುಖ ಗ್ವಾಡಿ ಕಡೆ ಮಾಡಿದ್ದೆ. ಅತ್ತಿ ಮೊದಲನೇ ತುತ್ತು ನುಂಗಿ, "ಮುಂದಿನ ಓಟ ಯಾವಾಗದ?" ಅಂದ್ರು.

"ಇನ್ನ ಓಡೂದಿಲ್ರಿ ಅತ್ತಿ. ಸಾಕಾತು."

"ಯಾಕ? ಒಮ್ಮೆನರೆ ಪೂರಾ ಮುಗಿಸಿ ಬಾ. ಅಷ್ಟು ಉಪಾಸ ಮಾಡೀನಿ, ಸುಮ್ಮನ ಹೋಗಬೇಕೇನು?"